ಕರ್ಮಚಾರಿಗಳ ವಿದ್ಯಾಗುರು ಬರ್ಕ್‌ಬೆಕ್ ಮಹಾಶಯರು

ಡಾಕ್ಟರ್ ಜಾರ್ಜ್ ಬರ್ಕ್‌ಬೆಕ್ ಮಹಾಶಯರು 1776ನೆಯ ಇಸವಿಯಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸೆಟಲ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯವಿದ್ಯೆಯಲ್ಲಿ ಪಾರಂಗತರಾಗಿ 1799ರಲ್ಲಿ ಗ್ಲಾಸ್ಗೋ ನಗರದ ಆಂಡರ್ಸನ್ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರಾದರು. ಆಗ ಆ ನಗರದ ಜನಸಂಖ್ಯೆ ಸುಮಾರು 80,000.

ಪಾಠಕ್ಕೆ ಬೇಕಾದ ಯಂತ್ರವೊಂದನ್ನು ಮಾಡಿಸಲು ತಗಡಿನ ಕೆಲಸದವರ ಅಂಗಡಿಗೆ ಹೋದಾಗ, ಕೆಲಸಗಾರರು ಸುತ್ತುಗಟ್ಟಿ ಅದರ ಮರ್ಮವನ್ನು ಕೇಳತೊಡಗಿದರು. ತಮ್ಮ ಕೈಯಿಂದಲೇ ಆಗುವ ವಸ್ತುವಿನ ತತ್ತ್ವವು ತಮಗೇ ತಿಳಿಯದಿರುವ ಆ ದೈನ್ಯವು ಮಹಾಶಯರ ಮನಸ್ಸನ್ನು ಕರಗಿಸಿತು. ಇಂಥವರಿಗೆ ವಿಜ್ಞಾನವೇತಕ್ಕೆಂದು ಪಂಡಿತರು ಹಾಸ್ಯಮಾಡಿದರೂ ಅವರು ಎದೆಗುಂದಲಿಲ್ಲ. 1800ರಲ್ಲಿ ಶುಲ್ಕವಿಲ್ಲದೆ ಉಪನ್ಯಾಸಗಳನ್ನು ಆರಂಭಿಸಿದರು. ಮೊದಲ ದಿನ 75 ಮಂದಿ ಬಂದರು. ನಾಲ್ಕನೆಯ ಉಪನ್ಯಾಸದ ಹೊತ್ತಿಗೆ 500 ಮಂದಿ ನೆರೆದರು. ಹಾಸ್ಯಕ್ಕೆ ಇದೇ ಉತ್ತರವಾಯಿತು.

1804ರಲ್ಲಿ ಅವರು ಆ ನಗರವನ್ನು ಬಿಟ್ಟರೂ ಉಪನ್ಯಾಸಗಳು ನಿಲ್ಲಲಿಲ್ಲ. ಆಂಡ್ರ್ಯೂ ಯೂರ್ ಎಂಬವರು ಮುಂದುವರಿಸಿದರು. 1823ರಲ್ಲಿ ಗ್ಲಾಸ್ಗೋವಿನ ಕುಶಲಕರ್ಮಿಗಳು ತಮ್ಮದೇ ಆದ ವಿದ್ಯಾಸಂಸ್ಥೆಯನ್ನು ಕಟ್ಟಿಕೊಂಡರು. ಅದೇ ವರ್ಷ ಲಂಡನ್ನಿನಲ್ಲಿ ಹುಟ್ಟಿದ ಅಂಥದೇ ಸಂಸ್ಥೆಗೆ ಬರ್ಕ್‌ಬೆಕ್ ಮಹಾಶಯರೇ ಪ್ರಥಮಾಧ್ಯಕ್ಷರಾದರು. ಉಪನ್ಯಾಸಮಂದಿರದ ನಿರ್ಮಾಣಕ್ಕೆ ತಮ್ಮ ಹಣವನ್ನೇ ಸಾಲವಾಗಿತ್ತರು. 1830ರಲ್ಲಿ ಸ್ತ್ರೀಯರಿಗೂ ಅದರ ಬಾಗಿಲು ತೆರೆಯಿತು. 1841ರಲ್ಲಿ ಮಹಾಶಯರು ದಿವಂಗತರಾದರು. ಲಂಡನ್ನಿನ ಆ ಸಂಸ್ಥೆಯು ಅವರ ನಾಮಧೇಯವನ್ನೇ ಧರಿಸಿ, ಹಗಲು ದುಡಿಯುವವರಿಗೆ ಸಂಜೆ ವಿದ್ಯೆಯನ್ನು ನೀಡುತ್ತ ಬಂದಿದೆ.