ಆಯುಧಪೂಜೆಗೆ ಒಂದು ಹಳೆಯ ಡ್ರಮ್

ಮಕ್ಕಳೇ, ಈ ಸಲದ ಮಹಾನವಮಿಗೆ ನಮ್ಮ ಮನೆಯ ಮಣೆಯ ಮೇಲೆ ಕಾರಿನ ಕೀಲಿ, ಲ್ಯಾಪ್‌ಟಾಪ್, ತಂಬೂರಿಯ ಪಕ್ಕದಲ್ಲಿ ಹೊಸ ಅತಿಥಿಯೊಂದು ಕೂರಲಿದೆ. ಅದು ನಮ್ಮ ಶಿಕಾಗೋದಲ್ಲೇ ಅರವತ್ತರ ದಶಕದಲ್ಲಿ ತಯಾರಾದ ಲೋಹದ ಸ್ನೇರ್ ಡ್ರಮ್. ಅದು ನಮ್ಮ ಕೈಗೆ ಹೇಗೆ ಬಂತು, ಅದರ ಕುಲಗೋತ್ರ ಹೇಗೆ ತಿಳಿಯಿತು, ಅದನ್ನು ಹೇಗೆ ತೊಳೆದೆವು ಎಂಬುದನ್ನು ನಿಮಗೆ ಹೇಳಬೇಕು.

ನನ್ನ ಮಗಳು ಆರನೇ ಕ್ಲಾಸು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾಳೆ. ಜೂನ್ ತಿಂಗಳಲ್ಲಿ ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಹಳೆಯ ಪೆಟ್ಟಿಗೆಯೊಂದರ ಮುಂದೆ ನಿಂತವಳು ಕದಲಲೇ ಇಲ್ಲ. ಮುಚ್ಚಳ ತೆಗೆದರೆ ಧೂಳು ಮೆತ್ತಿದ ಬೂದು ಬಣ್ಣದ ಡ್ರಮ್. ಮನೆಯ ಯಜಮಾನರು ನಲವತ್ತು ಡಾಲರ್ ಎಂದರು. "ನಾನು ಶಾಲೆಯಲ್ಲಿದ್ದಾಗ ಬಾರಿಸಿದ್ದು, ಚೆನ್ನಾಗಿ ನೋಡಿಕೋ" ಎಂದು ಮಗಳ ಕೈಗೇ ಕೊಟ್ಟರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮೊದಲು ಸ್ನೇರ್ ಎಂದರೇನು ಎಂದು ನೋಡೋಣ. ಡ್ರಮ್ಮಿನ ಕೆಳಗಿನ ಹೊದಿಕೆಗೆ ತಾಗಿದಂತೆ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಮೇಲೆ ಕೋಲು ಬಿದ್ದೊಡನೆ ಒಳಗಿನ ಗಾಳಿ ಕೆಳಹೊದಿಕೆಯನ್ನು ತಳ್ಳುತ್ತದೆ, ತಂತಿಗಳು ಅದರ ಮೇಲೆ ಪುಟಿದು "ಝರ್" ಎನ್ನುತ್ತವೆ. ನಿಮ್ಮ ಸಂಗೀತದ ಮೇಷ್ಟ್ರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ಸರಿಸಿ ಕೂರಿಸುವುದನ್ನು ನೋಡಿದ್ದೀರಲ್ಲ? ಅದನ್ನು ಜೀವಾಳ ಎನ್ನುತ್ತೇವೆ. ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ಮಂಕಾಗಿದ್ದ ತಂತಿ ಝೇಂಕರಿಸುತ್ತದೆ. ಸ್ನೇರ್ ತಂತಿಗಳು ಈ ಡ್ರಮ್ಮಿನ ಜೀವಾಳ. ಪಕ್ಕದಲ್ಲಿರುವ ಹಿಡಿಯನ್ನು ಇಳಿಸಿದರೆ ತಂತಿಗಳು ಹೊದಿಕೆಯಿಂದ ದೂರ ಸರಿಯುತ್ತವೆ, ಡ್ರಮ್ ಬರೀ "ಢಬ್" ಎನ್ನುತ್ತದೆ. ಮೈಸೂರು ದಸರಾದ ಜಂಬೂಸವಾರಿಯಲ್ಲಿ ಪೊಲೀಸ್ ಬ್ಯಾಂಡಿನವರ ಹೆಜ್ಜೆಗೆ ತಾಳ ಕೊಡುವ ಸೈಡ್ ಡ್ರಮ್ ಕೂಡ ಇದೇ ಜಾತಿಯದು.

ಹೊದಿಕೆಯನ್ನು ಬಿಗಿ ಮಾಡುವ ರೀತಿಯನ್ನೂ ನೋಡಿ. ನಾನು ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಯಲ್ಲಿ ಹಲಗೆಯವರು ಒಣಹುಲ್ಲಿಗೆ ಬೆಂಕಿ ಹಚ್ಚಿ, ಸುತ್ತ ನಿಂತು ಹಲಗೆ ಕಾಯಿಸುತ್ತಿದ್ದರು. ಕಾವಿಗೆ ಚರ್ಮ ಬಿಗಿದು ನಾದ ಏರುತ್ತಿತ್ತು. ಆ ಹೊಗೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಇಲ್ಲಿ ಆ ಕೆಲಸವನ್ನು ತಿರುಪುಗಳು ಮಾಡುತ್ತವೆ.

ನಮ್ಮ ಡ್ರಮ್ ಲುಡ್ವಿಗ್ ಕಂಪನಿಯದು. ವಿಲಿಯಂ ಲುಡ್ವಿಗ್ ಜರ್ಮನಿಯಲ್ಲಿ ಹುಟ್ಟಿ, ಎಳವೆಯಲ್ಲೇ ಮನೆಯವರ ಜೊತೆ ಶಿಕಾಗೋಗೆ ಬಂದವರು. ನಿಮ್ಮ ಹಾಗೆ ವಲಸೆ ಬಂದ ಮನೆಯ ಮಗು. 1909ರಲ್ಲಿ ತಮ್ಮ ಥಿಯೋಬಾಲ್ಡ್ ಜೊತೆ ಡ್ರಮ್ ಕಂಪನಿ ಕಟ್ಟಿದರು. ಮುಂದೆ ಆ ಕಂಪನಿ, ಅದರ ಜೊತೆ ಲುಡ್ವಿಗ್ ಎಂಬ ಹೆಸರೂ ಕೈತಪ್ಪಿ ಹೋಯಿತು. 1937ರಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ, 1955ರಲ್ಲಿ ತಮ್ಮ ಹೆಸರನ್ನೇ ಹಣ ಕೊಟ್ಟು ವಾಪಸು ಪಡೆದರು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ಟೀವಿಯಲ್ಲಿ ಬಂದಾಗ ರಿಂಗೋ ಸ್ಟಾರ್ ಅವರ ಡ್ರಮ್ಮಿನ ಮೇಲೆ ಲುಡ್ವಿಗ್ ಎಂಬ ಹೆಸರಿತ್ತು. ಆಮೇಲೆ ಡೇಮನ್ ಅವೆನ್ಯೂದ ಕಾರ್ಖಾನೆ ಹಗಲು ರಾತ್ರಿ ನಡೆಯಿತು. ಎಂಬತ್ತರ ದಶಕದಲ್ಲಿ ತಯಾರಿಕೆ ಉತ್ತರ ಕೆರೊಲಿನಾದ ಮನ್ರೋ ಊರಿಗೆ ಹೋಯಿತು.

ಈಗ ಗುರುತು ಹಿಡಿಯುವ ಕೆಲಸ. ಇದನ್ನು ನೀವೇ ಮಾಡಬಹುದು. ಫ್ರಿಜ್ ಮೇಲಿನ ಒಂದು ಅಯಸ್ಕಾಂತ ತೆಗೆದುಕೊಂಡು ಡ್ರಮ್ಮಿನ ಮೈಗೆ ಹಿಡಿಯಿರಿ. ಅಂಚಿನ ಬಳೆಗೆ ಹಿಡಿಯಬೇಡಿ, ಅದು ಬೇರೆ ಲೋಹದ್ದಿರಬಹುದು. ಅಂಟಿದರೆ ಮೈ ಉಕ್ಕಿನದು. ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ ಅಥವಾ ಹಿತ್ತಾಳೆ. ಇವೆರಡರಲ್ಲಿ ಯಾವುದು? ಎತ್ತಿ ನೋಡಿ. ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ತೂಕದ ಲೋಹ, ತೋಳಿಗೆ ತಾನಾಗಿ ತಿಳಿಯುತ್ತದೆ. ನಮ್ಮದು ಹಗುರವಾಗಿತ್ತು. 14 ಇಂಚು ಅಗಲ, 5 ಇಂಚು ಎತ್ತರ. ಮೈಯಲ್ಲಿ ಎಲ್ಲೂ ಬೆಸುಗೆಯ ಗೆರೆಯಿಲ್ಲ, ನಡುವೆ ಒಡ್ಯಾಣದಂತೆ ಒಂದು ಉಬ್ಬು. ಸುತ್ತಲೂ ತಿರುಪು ಕೂರುವ ಲಗ್‌ಗಳನ್ನು ಮಗಳು ಎಣಿಸಿದಳು: ಎಂಟು. ಫಳಫಳ ಕ್ರೋಮ್ ಬಳಿದು ಹತ್ತು ಲಗ್ ಇದ್ದಿದ್ದರೆ ಅದು ಸುಪ್ರಾಫೋನಿಕ್, ಜಗತ್ತಿನಲ್ಲಿ ಅತಿ ಹೆಚ್ಚು ರೆಕಾರ್ಡಿಂಗ್‌ಗಳಲ್ಲಿ ಕೇಳಿಬಂದ ಸ್ನೇರ್ ಎಂದು ಹೆಸರಾದದ್ದು. ಎಂಟು ಲಗ್, ಕ್ರೋಮ್ ಇಲ್ಲದ ಬೂದು ಮೈ ಎಂದರೆ ಆಕ್ರೋಲೈಟ್. ಶಾಲೆಯಲ್ಲಿ ಕಲಿಯುವ ಮಕ್ಕಳಿಗೆಂದೇ ಮಾಡಿದ ಡ್ರಮ್ ಅದು! ದೊಡ್ಡಣ್ಣ ಸುಪ್ರಾಫೋನಿಕ್‌ನ ಮೈಯೂ ಇಂಥದ್ದೇ ಬೆಸುಗೆಯಿಲ್ಲದ ಅಲ್ಯೂಮಿನಿಯಂ. ಹಾಗಾಗಿ ದೊಡ್ಡ ವಾದಕರೂ ಇದನ್ನು ಹುಡುಕಿ ಕೊಳ್ಳುತ್ತಾರೆ.

ಗಾಳಿ ಹೋಗುವ ಸಣ್ಣ ತೂತಿನ ಸುತ್ತ ಒಂದು ಬಿಲ್ಲೆ ಇರುತ್ತದೆ. ನಮ್ಮದರಲ್ಲಿ ಅದು ಕಲ್ಲಿನ ಕಮಾನಿನ ನಡುಗಲ್ಲಿನ ಆಕಾರದ್ದು. ಅದರ ಮೇಲೆ ಕಂಪನಿಯ ಹೆಸರು, ಶಿಕಾಗೋ, ಒಂದು ನಂಬರು. ಅರವತ್ತರ ದಶಕದ ಬಿಲ್ಲೆ ಇದು, ಎಪ್ಪತ್ತರ ದಶಕದ್ದು ನೀಲಿ ಮತ್ತು ಆಲಿವ್ ಬಣ್ಣದ್ದು. ನಂಬರು ಹಾಕಲು ಶುರುಮಾಡಿದ್ದು 1963ರ ಕೊನೆಯ ಹೊತ್ತಿಗೆ. ಆದರೆ ಬಿಲ್ಲೆಗಳನ್ನು ನಂಬರಿನ ಸಾಲಿನಲ್ಲೇ ಕೂರಿಸುತ್ತಿರಲಿಲ್ಲ. ಆದ್ದರಿಂದ ನಂಬರು ಅಂದಾಜನ್ನು ಹೇಳುತ್ತದೆ, ಹುಟ್ಟಿದ ದಿನವನ್ನಲ್ಲ.

ಬೆಲೆ ಎಷ್ಟು ಎಂದು ಗೆಳೆಯರು ಕೇಳಿದ್ದಾರೆ. ಲುಡ್ವಿಗ್‌ನದೇ ಆದ, 1920ರ ದಶಕದ, ಚಿತ್ತಾರ ಕೊರೆದ ಹಿತ್ತಾಳೆಯ ಬ್ಲ್ಯಾಕ್ ಬ್ಯೂಟಿ ಎಂಬ ಸ್ನೇರ್ ಸಾವಿರಾರು ಡಾಲರ್ ಬಾಳುತ್ತದೆ. ಆಕ್ರೋಲೈಟ್ ಕೆಲವು ನೂರು ಡಾಲರಿನ ವಸ್ತು. ಮೂಲದ ಬಿಡಿಭಾಗಗಳೆಲ್ಲ ಇವೆಯೇ, ಯಾರಾದರೂ ಹೊಸದಾಗಿ ತೂತು ಕೊರೆದಿದ್ದಾರೆಯೇ, ಹೊದಿಕೆ ಕೂರುವ ಅಂಚು ನೆಗ್ಗಿದೆಯೇ, ಮೈ ದುಂಡಗಿದೆಯೇ, ಇವನ್ನು ನೋಡಬೇಕು. ಮಾರುವವರು ಕೇಳಿದ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನು ಹೋಲಿಸಬೇಕು. ಮತ್ತೆ ಹೊಳಪು ಹಾಕಿಸಿದರೆ ಬೆಲೆ ಇಳಿಯುತ್ತದೆ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು.

ತೊಳೆಯುವಾಗ ನನಗೆ ನೆನಪಾದದ್ದು ನಮ್ಮಜ್ಜಿ. ಹಬ್ಬದ ಹಿಂದಿನ ದಿನ ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಾಮ್ರದ ಹಂಡೆ, ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಉಜ್ಜಿ ಬೆಳಗುತ್ತಿದ್ದರು. ಹಿತ್ತಾಳೆಗೆ ಹುಣಸೆಹಣ್ಣು, ಕಬ್ಬಿಣದ ಕಾವಲಿಗೆ ಎಣ್ಣೆ, ಬೆಳ್ಳಿಗೆ ವಿಭೂತಿ. ಯಾವ ಲೋಹಕ್ಕೆ ಯಾವುದು ಒಗ್ಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಅದೇ ವಿವೇಕ ಇಲ್ಲಿಯೂ ಬೇಕು. ಆಕ್ರೋಲೈಟಿಗೆ ಹುಳಿ ತಾಗಿಸಬಾರದು, ಅದರ ಮೇಲ್ಪದರವೇ ಹೋಗುತ್ತದೆ. ಪರಿಚಯದ ಮನೆಯೊಂದರಲ್ಲಿ ನಿಂಬೆರಸ ಉಜ್ಜಿ ಡ್ರಮ್ಮಿನ ಮೈಯೆಲ್ಲ ಕಲೆಯಾಯಿತು. ಬ್ಲ್ಯಾಕ್ ಬ್ಯೂಟಿಯ ಕಪ್ಪು ನಿಕಲ್ ಕೂಡ ಪಾಲಿಶ್ ಹಾಕಿ ಉಜ್ಜಿದರೆ ಅಳಿಸಿಹೋಗುತ್ತದೆ.

ನಾವು ಮಾಡಿದ್ದು ಇಷ್ಟು. ಬಿಚ್ಚುವ ಮೊದಲು ನಾಲ್ಕೂ ಕಡೆ ಫೋಟೋ ತೆಗೆದೆವು. ಬಿಚ್ಚಿದ ತಿರುಪುಗಳನ್ನು ಮೊಟ್ಟೆಯ ಡಬ್ಬಿಯ ಗುಳಿಗಳಲ್ಲಿ ಒಂದೊಂದಾಗಿ ಇಟ್ಟೆವು. ಬಿಲ್ಲೆಯನ್ನು ಮಾತ್ರ ಮುಟ್ಟಲಿಲ್ಲ, ತೆಗೆದರೆ ಅದನ್ನು ಹಿಡಿದಿಟ್ಟ ಲೋಹದ ಉಂಗುರ ಮುರಿಯುತ್ತದೆ. ಮೈಯನ್ನು ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬಟ್ಟೆಯಿಂದ ಒರೆಸಿ ಪೂರಾ ಒಣಗಿಸಿದೆವು. ಬಳೆಯ ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದೆವು. ಫಾಯಿಲ್ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರಾಗುವುದಿಲ್ಲ. ತಿರುಪಿನ ಸುತ್ತುಗಳಿಗೆ ಒಂದಿಷ್ಟು ವ್ಯಾಸಲೀನ್. ಹೊಸ ಹೊದಿಕೆ ಹಾಕಿ, ಎದುರುಬದುರು ತಿರುಪುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದೆವು. ಒಂದು ಗೀರು ಹಾಗೇ ಉಳಿಯಿತು. ಅದು ಆ ಯಜಮಾನರ ಬಾಲ್ಯದ ಗುರುತು, ಇರಲಿ ಎಂದಳು ಮಗಳು.

ತಂದೆತಾಯಂದಿರೇ, ನಿಮ್ಮೊಡನೆ ಒಂದು ಮಾತು. ನಮ್ಮ ಮಕ್ಕಳಿಗೆ ಆಯುಧಪೂಜೆ ಎಂದರೆ ಕುಂಕುಮ ಹಚ್ಚಿ ಫೋಟೋ ತೆಗೆಯುವುದು ಎಂದಾಗುತ್ತಿದೆ. ಪೂಜೆಗೆ ಮೊದಲು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸುವ ಅರ್ಧದಿನದ ಕೆಲಸ ಇತ್ತಲ್ಲ, ಅದನ್ನು ನಾವೇ ಅವರಿಂದ ಕಿತ್ತುಕೊಂಡಿದ್ದೇವೆ. ಅನ್ನ ಕೊಡುವ, ವಿದ್ಯೆ ಕೊಡುವ ವಸ್ತುವನ್ನು ಕೈಯಾರೆ ಬಲ್ಲವರಿಗೆ ಮಾತ್ರ ಅದಕ್ಕೆ ಕೈಮುಗಿಯುವ ಅರ್ಥ ತಿಳಿಯುತ್ತದೆ. ವಸ್ತು ಮೈಸೂರಿನದೇ ಆಗಬೇಕಿಲ್ಲ, ಶಿಕಾಗೋದ್ದಾದರೂ ಸರಿ. ಈ ನವಮಿಯ ಹಿಂದಿನ ದಿನ ಮಕ್ಕಳ ಕೈಗೆ ಅವರದೇ ಪಿಟೀಲು, ಮೃದಂಗ, ಸೈಕಲ್, ಏನಿದೆಯೋ ಅದನ್ನು ಕೊಡಿ. ಜೊತೆಗೆ ಒಂದು ಮೆತ್ತನೆ ಬಟ್ಟೆ ಕೊಟ್ಟು, ನೀವೂ ಪಕ್ಕದಲ್ಲಿ ಕೂತುಕೊಳ್ಳಿ.