ಸವತಿಗಂಧವಾರಣೆ ಶಾಂತಲೆ

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಕಥೆಯನ್ನು ಕೆ. ವಿ. ಅಯ್ಯರ್, ಸಿ. ಕೆ. ನಾಗರಾಜರಾವ್ ಇಬ್ಬರೂ ಕಾದಂಬರಿಯಾಗಿಸಿದರು. ಆದರೆ ಅವರ ನಾಯಿಕೆಯಲ್ಲಿ ಕುಂದೆಂಬುದು ಕಾಣದು. ಕುಂದಿಲ್ಲದವಳು ಬೆಳೆಯುವುದಾದರೂ ಎಲ್ಲಿಗೆ? ಶಾಸನಗಳು ಅಷ್ಟು ದಾಕ್ಷಿಣ್ಯ ತೋರಿಲ್ಲ.

ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. 1117ರಲ್ಲಿ ಪತಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದನು. ಜೈನೆಯಾದ ಶಾಂತಲೆ ಪಕ್ಕದಲ್ಲಿಯೇ ಚೆನ್ನಿಗರಾಯನನ್ನು ನಿಲ್ಲಿಸಿದಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆ ನಿಪುಣೆ. ಇಷ್ಟೂ ಎಲ್ಲರಿಗೆ ಪ್ರಿಯವಾದ ಮಾತು. ಆದರೆ ಉದ್ಧತ ಸವತಿಯರ ಪಾಲಿಗೆ ಮದ್ದಾನೆ ಎಂಬರ್ಥದ ಬಿರುದೊಂದು ಆಕೆಗಿದೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೂ ಅದೇ ಹೆಸರು. ಒಳಗಿರುವವನೋ ಶಾಂತಿನಾಥ! ಇದನ್ನು ಬರಿಯ ಹೊಗಳಿಕೆಯೆಂದು ತಳ್ಳಲು ನನ್ನ ಮನಸ್ಸು ಒಪ್ಪದು. ಬಮ್ಮಲದೇವಿ, ಲಕ್ಷ್ಮಿದೇವಿಯರಿದ್ದ ಅಂತಃಪುರದಲ್ಲಿ ಆ ಬಿರುದಿಗೆ ಹಲ್ಲಿತ್ತು.

1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡಳು. ತಾಯಿ ಆ ದುಃಖವನ್ನು ತಾಳಲಾರದೆ ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಕೊಂಡಳು. ಮುಂದೆ ಸಿಂಹಾಸನವೇರಿದವನು ಲಕ್ಷ್ಮಿದೇವಿಯ ಮಗ ನರಸಿಂಹ.

ಅರಸೀಕೆರೆಯಲ್ಲಿ ರೈಲಿಳಿದು ವಿದ್ಯಾರ್ಥಿಗಳೊಡನೆ ಹಳೇಬೀಡಿಗೆ ಹೋದಾಗಲೆಲ್ಲ, ಜೋಡಿಗುಡಿಯ ಶಾಂತಲೇಶ್ವರನೆದುರು ನಾನು ಅವರಿಗೆ ಹೇಳುವುದಿಷ್ಟೆ: ಮದ್ದಾನೆಯ ಬಿರುದಿಗೂ ಶಿವಗಂಗೆಗೂ ನಡುವಿನ ಎಂಟು ವರ್ಷಗಳನ್ನು ಬರೆಯಿರಿ, ಆಕೆಯ ಮತ್ಸರವನ್ನು ಮುಚ್ಚಿಡದೆ ಬರೆಯಿರಿ.