ವಿಲಿಯಂ ಹೋವರ್ಡ್ ಟಾಫ್ಟರು

ಕ್ರಿ.ಶ. ೧೮೫೭ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಜನಿಸಿದ ಟಾಫ್ಟರು ನ್ಯಾಯಾಸನವನ್ನೇ ಬಯಸಿದವರು. ದೈವಯೋಗದಿಂದ ೧೯೦೯ರಲ್ಲಿ ರಾಷ್ಟ್ರಾಧ್ಯಕ್ಷರಾದರು. ವ್ಯಾಜ್ಯಗಳನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಿಕೊಳ್ಳಲು ೧೯೧೧ರಲ್ಲಿ ಬ್ರಿಟನ್, ಫ್ರಾನ್ಸ್‌ಗಳೊಡನೆ ಅವರು ಮಾಡಿಕೊಂಡ ಒಪ್ಪಂದಗಳನ್ನು ಸೆನೆಟ್ ಸಭೆ ತಿದ್ದಿ ನಿಸ್ಸಾರಗೊಳಿಸಿತು. ಮರುವರ್ಷದ ಚುನಾವಣೆಯಲ್ಲಿ ವಿಲ್ಸನ್ನರೆದುರು ಸೋತು ಮೂರನೆಯವರಾದರು.

ಅಧಿಕಾರ ಹೋದರೂ ಆ ಚಿಂತನೆ ಅವರನ್ನು ಬಿಡಲಿಲ್ಲ. ಯೂರೋಪು ಯುದ್ಧಾಗ್ನಿಯಲ್ಲಿ ಬೇಯುತ್ತಿದ್ದಾಗ, ೧೯೧೫ರ ಜೂನ್ ೧೭ರಂದು ಫಿಲಡೆಲ್ಫಿಯದ ಸ್ವಾತಂತ್ರ್ಯ ಭವನದಲ್ಲಿ ಸ್ಥಾಪಿತವಾದ 'ಲೀಗ್ ಟು ಎನ್‌ಫೋರ್ಸ್ ಪೀಸ್' ಸಂಸ್ಥೆಗೆ ಅವರೇ ಅಧ್ಯಕ್ಷರು. ರಾಷ್ಟ್ರಗಳು ತಮ್ಮ ವಿವಾದವನ್ನು ಮೊದಲು ನ್ಯಾಯಮಂಡಲಿಯ ಅಥವಾ ಸಂಧಾನಸಭೆಯ ಮುಂದಿಡಬೇಕು. ಹಾಗೆ ಮಾಡದೆ ಶಸ್ತ್ರವೆತ್ತಿದ ರಾಷ್ಟ್ರವನ್ನು ಉಳಿದ ಸದಸ್ಯರಾಷ್ಟ್ರಗಳು ಕೂಡಿ ಆರ್ಥಿಕ, ಸೈನಿಕ ಬಲಗಳಿಂದ ತಡೆಯಬೇಕು ಎಂಬುದು ಅದರ ಸೂತ್ರ. ಬರಿಯ ಉಪದೇಶದಿಂದ ಯುದ್ಧ ನಿಲ್ಲದೆಂಬುದನ್ನು ಆ ನ್ಯಾಯಶಾಸ್ತ್ರಜ್ಞರು ಚೆನ್ನಾಗಿ ಬಲ್ಲರು.

ವಿಲ್ಸನ್ನರು ರಾಷ್ಟ್ರಸಂಘದ ಕರಡನ್ನು ತಂದಾಗ ಟಾಫ್ಟರ ಪಕ್ಷದ ಪ್ರಮುಖರನೇಕರು ವಿರೋಧಿಸಿದರು. ಟಾಫ್ಟರಾದರೋ ೧೯೧೯ರ ಮಾರ್ಚ್ ೪ರಂದು ನ್ಯೂಯಾರ್ಕಿನಲ್ಲಿ, ತಮ್ಮನ್ನು ಸೋಲಿಸಿದ ವಿಲ್ಸನ್ನರೊಡನೆ ಒಂದೇ ವೇದಿಕೆಯನ್ನೇರಿ ಅದನ್ನು ಸಮರ್ಥಿಸಿದರು. ಇಂತಹ ಔದಾರ್ಯ ರಾಜಕಾರಣದಲ್ಲಿ ವಿರಳ. ಆದರೂ ಸೆನೆಟ್ ೧೯೧೯ರ ನವೆಂಬರಿನಲ್ಲಿಯೂ ೧೯೨೦ರ ಮಾರ್ಚಿನಲ್ಲಿಯೂ ಸಮ್ಮತಿ ನೀಡಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಟಾಫ್ಟರು ಸ್ವಪಕ್ಷದ ಹಾರ್ಡಿಂಗರನ್ನೇ ಬೆಂಬಲಿಸಿದುದು ಮಾತ್ರ ಅಚ್ಚರಿಯ ಸಂಗತಿ. ಬಹುಕಾಲ ಬಯಸಿದ್ದ ಮುಖ್ಯ ನ್ಯಾಯಾಧೀಶ ಪದವಿ ೧೯೨೧ರಲ್ಲಿ ಲಭಿಸಿತು. ೧೯೩೦ರ ಮಾರ್ಚ್ ೮ರಂದು ಅವರು ನಿಧನರಾದಾಗ ಅಮೆರಿಕ ರಾಷ್ಟ್ರಸಂಘದ ಹೊರಗೇ ಇದ್ದಿತು.